ಹಲ್ಲು ಕೀಳಿಸೋ ಮೊದಲು ಒಂದು ಓಪಿಜಿ

"ಹಲ್ಲು ಕಿತ್ತು ಎರಡು ತಿಂಗಳಾಯ್ತು ಮೇಡಂ, ಊತ ಮಾತ್ರ ಇಳೀಲೇ ಇಲ್ಲ."

ಹೇಳಿದ್ದು ಹುಡುಗನ ಅಮ್ಮ. ಹುಡುಗ ಸುಮ್ನೆ ಕೂತಿದ್ದ. ವಯಸ್ಸು 26. ಎಡಗಡೆ ಕೆನ್ನೆಯ ಕೆಳಗೆ, ದವಡೆ ಕಿವಿಯ ಕಡೆಗೆ ತಿರುಗುವ ಜಾಗದಲ್ಲಿ, ಒಳಗೊಂದು ನಿಂಬೆಹಣ್ಣು ಇಟ್ಟ ಹಾಗೆ ಉಬ್ಬಿತ್ತು. ನೋವು ಇದೆಯೇನಪ್ಪ ಅಂದೆ. ಇಲ್ಲ ಅಂದ. ಜ್ವರ? ಇಲ್ಲ. ಕೆಳತುಟಿ ಜುಮ್ ಅನ್ನುತ್ತಾ, ಮರಗಟ್ಟಿದ ಹಾಗಾಗುತ್ತಾ? ಅದೂ ಇಲ್ಲ. ಒಂದೂವರೆ ವರ್ಷದಿಂದ ನಿಧಾನವಾಗಿ ದಪ್ಪ ಆಗ್ತಾ ಬಂದಿದೆ. ದಿನಾ ಕನ್ನಡಿ ನೋಡಿಕೊಳ್ಳುವಾಗ ಅವನಿಗೆ ಗೊತ್ತೇ ಆಗಿರಲಿಲ್ಲ, ತಂಗಿಯ ಮದುವೆಯ ಆಲ್ಬಮ್ ಬಂದಾಗ ಮನೆಯವರೆಲ್ಲ ನೋಡಿ ಮುಖ ಒಂದು ಕಡೆ ಜಾಸ್ತಿ ಕಾಣ್ತಿದೆಯಲ್ಲ ಅಂದರಂತೆ.

ಆಮೇಲೆ ಒಂದು ಕಡೆ ತೋರಿಸಿದ್ದಾರೆ. ಕೀವು ಇರಬೇಕು ಅಂತ ಮೂರು ಸಲ ಮಾತ್ರೆ ಕೊಟ್ಟಿದ್ದಾರೆ. ಆಮೇಲೆ ಹಲ್ಲು ಅಲ್ಲಾಡ್ತಿದೆ ಅಂತ ಕಿತ್ತಿದ್ದಾರೆ. ಕೀಳುವ ಮೊದಲು ಒಂದು ಸಣ್ಣ ಎಕ್ಸ್‌ರೇ ಕೂಡ ತೆಗೆದಿದ್ದಾರೆ. ಅಮ್ಮ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಿಸದ ಹಾಗೆ ಜೋಪಾನವಾಗಿ ತಂದಿದ್ದರು.

ಆ ಫಿಲ್ಮ್ ಎಷ್ಟಿರುತ್ತೆ ಅಂತ ನಿಮಗೆ ಗೊತ್ತಲ್ವಾ, ಹೆಚ್ಚುಕಡಿಮೆ 3 ಸೆಂಟಿಮೀಟರ್‌ಗೆ 4 ಸೆಂಟಿಮೀಟರ್, ಒಂದು ಸಣ್ಣ ಬಿಸ್ಕತ್ತಿನಷ್ಟು. ಎರಡು ಮೂರು ಹಲ್ಲಿನ ಬೇರು ನೋಡೋಕೆ ಅದಕ್ಕಿಂತ ಒಳ್ಳೆಯ ಎಕ್ಸ್‌ರೇ ಇಲ್ಲ. ಆದರೆ ಈ ಫಿಲ್ಮಿನಲ್ಲಿ ಬೇರಿನ ಸುತ್ತ ಕಪ್ಪಾಗಿತ್ತು, ಆ ಕಪ್ಪು ಮುಂದಕ್ಕೂ ಹಿಂದಕ್ಕೂ ಕೆಳಕ್ಕೂ ಫಿಲ್ಮ್ ದಾಟಿ ಹೊರಗೆ ಹೋಗಿತ್ತು. ಅಂದರೆ ಅದರ ಅಂಚು ಎಲ್ಲೂ ಕಂಡಿಲ್ಲ. ನನ್ನ ವಿದ್ಯಾರ್ಥಿಗಳಿಗೆ ನಾನು ಮೊದಲ ದಿನವೇ ಹೇಳೋದು ಇದನ್ನೇ: ಕಪ್ಪು ಕಲೆಯ ಅಂಚು ಕಾಣದೆ ಇದ್ದರೆ ನೀವು ಇನ್ನೂ ಏನನ್ನೂ ನೋಡಿಲ್ಲ, ದೊಡ್ಡ ಚಿತ್ರ ತೆಗೀರಿ.

ನಾನು ಹಲ್ಲಿನ ಡಾಕ್ಟರ್ ಓದಿ ಆಮೇಲೆ ಬಾಯಿ ಮತ್ತು ದವಡೆಯ ರೇಡಿಯಾಲಜಿ ಮಾಡಿದವಳು. ಹಲ್ಲು ಕೀಳೋದಿಲ್ಲ, ಸಿಮೆಂಟ್ ತುಂಬೋದಿಲ್ಲ. ದಿನವಿಡೀ ದವಡೆಯ ಚಿತ್ರ ನೋಡೋದೇ ಕೆಲಸ. ಅದಕ್ಕೇ ಇದನ್ನು ಬರೀಬೇಕು ಅನ್ನಿಸಿತು, ಯಾಕಂದರೆ ಇಂಥ ಊತ ಇಟ್ಟುಕೊಂಡು ಓಡಾಡ್ತಿರುವ ಯಾರಾದರೂ ಇದನ್ನು ಓದಿ, ಹಲ್ಲು ಕೀಳಿಸುವ ಮೊದಲು ಒಂದು ಓಪಿಜಿ, ಅಂದರೆ ಇಡೀ ದವಡೆಯ ಎಕ್ಸ್‌ರೇ, ತೆಗೆಸಿ ಅಂತ ಅವರ ಡಾಕ್ಟರನ್ನು ಕೇಳಿದರೂ ಸಾಕು ನನಗೆ.

ಹುಡುಗನನ್ನು ಓಪಿಜಿ ರೂಮಿಗೆ ಕರೆದುಕೊಂಡು ಹೋದೆ. ಕೊರಳಲ್ಲಿ ಬೆಳ್ಳಿಯ ತಾಯಿತ ಇತ್ತು, ಕಿವಿಯಲ್ಲಿ ಒಂಟಿ. ಎರಡೂ ತೆಗೀಬೇಕು ಅಂದೆ. ತಾಯಿತ ತೆಗೆಯೋಕೆ ಅವನಿಗೆ ಮನಸ್ಸಿಲ್ಲ, ಅಮ್ಮನ ಮುಖ ನೋಡಿದ. ಅವರಿಗೆ ವಿಷಯ ಬಿಡಿಸಿ ಹೇಳಿದೆ. ಈ ಮೆಷಿನ್ ತಲೆಯ ಸುತ್ತ ತಿರುಗುತ್ತೆ, ಹಾಗಾಗಿ ಬಲಗಿವಿಯ ಓಲೆ ಬಲಗಡೆ ಕಾಣೋದಲ್ಲದೆ ಎಡಗಡೆಯಲ್ಲೂ ಸ್ವಲ್ಪ ಮೇಲಕ್ಕೆ, ದೊಡ್ಡದಾಗಿ, ಮಸುಕಾಗಿ ಇನ್ನೊಂದು ಸಲ ಬಂದು ಬೀಳುತ್ತೆ. ನಾವು ಅದನ್ನು ಗೋಸ್ಟ್ ಅಂತಲೇ ಕರೆಯೋದು. ಕೊರಳ ಸರ ಇದ್ದರೆ ಗದ್ದದ ಮೇಲೆ ಬಿಳಿ ಬಿಲ್ಲಿನ ಹಾಗೆ ಬೀಳುತ್ತೆ, ಅದರ ಹಿಂದೆ ಏನಿದ್ದರೂ ಮುಚ್ಚಿಹೋಗುತ್ತೆ. ಅಮ್ಮ ಕೇಳಿಸಿಕೊಂಡು, ತಾವೇ ತಾಯಿತ ಬಿಚ್ಚಿ ಕಣ್ಣಿಗೊತ್ತಿಕೊಂಡು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡರು.

ಗದ್ದ ಇಲ್ಲಿಡು, ಈ ಕಡ್ಡಿಯ ಗೀರನ್ನು ಮುಂದಿನ ಹಲ್ಲಲ್ಲಿ ಕಚ್ಚು, ನಾಲಿಗೆ ಅಂಗುಳಕ್ಕೆ ಒತ್ತಿ ಹಿಡಿ, ಅಲ್ಲಾಡಬೇಡ. ಸುಮಾರು 15 ಸೆಕೆಂಡು, ಅಷ್ಟೇ. ರಂಟ್ಗೆನ್ ಎಕ್ಸ್‌ರೇ ಕಂಡುಹಿಡಿದದ್ದು 1895ರ ನವೆಂಬರಿನಲ್ಲಿ. ಸುಮಾರು ಎರಡು ತಿಂಗಳಲ್ಲಿ, 1896ರ ಜನವರಿಯಲ್ಲಿ, ಜರ್ಮನಿಯ ಓಟ್ಟೋ ವಾಲ್ಕಾಫ್ ತನ್ನದೇ ಬಾಯಲ್ಲಿ ಫೋಟೋ ಫಲಕ ಇಟ್ಟುಕೊಂಡು ಹಲ್ಲಿನ ಚಿತ್ರ ತೆಗೆದ, ಅದಕ್ಕೆ 25 ನಿಮಿಷ ಅಲ್ಲಾಡದೆ ಇರಬೇಕಾಯಿತು. ಇಡೀ ದವಡೆಯನ್ನು ಒಂದೇ ಚಿತ್ರದಲ್ಲಿ ಬಿಡಿಸಿ ತೋರಿಸುವ ಓಪಿಜಿ ನಮ್ಮ ಕೈಗೆ ಬಂದದ್ದು ಫಿನ್ಲೆಂಡಿನ ಯುರ್ಯೋ ಪಾಟೆರೋ 1940, 50ರ ದಶಕದಲ್ಲಿ ಪಟ್ಟ ಶ್ರಮದಿಂದ. ಕುದುರೆ ಲಾಳದ ಹಾಗಿರುವ ದವಡೆಯನ್ನು ಚಪ್ಪಟೆ ಮಾಡಿ ಹಾಸಿದ ಹಾಗೆ ಕಾಣುತ್ತೆ ಅದು, ಒಂದು ಕೀಲಿನಿಂದ ಇನ್ನೊಂದು ಕೀಲಿನವರೆಗೆ.

ಚಿತ್ರ ಸ್ಕ್ರೀನ್ ಮೇಲೆ ಬಂತು.

ಎಡಗಡೆ, ಎರಡನೇ ದವಡೆ ಹಲ್ಲಿನ ಜಾಗದಿಂದ ಶುರುವಾಗಿ ಹಿಂದಕ್ಕೆ ಹೋಗಿ ಮೇಲಕ್ಕೆ ಹತ್ತಿತ್ತು. ಒಂದೇ ದೊಡ್ಡ ಕುಳಿ ಅಲ್ಲ. ಒಳಗೆ ತೆಳ್ಳಗಿನ ಬಿಳಿ ಗೋಡೆಗಳು, ಗೋಡೆಗಳ ನಡುವೆ ದುಂಡು ದುಂಡು ಕೋಣೆಗಳು, ಬಟ್ಟೆ ಒಗೆಯೋ ಬಕೆಟ್ಟಿನಲ್ಲಿ ಸೋಪಿನ ನೊರೆ ನಿಂತ ಹಾಗೆ. ಅಂಚು ಎಲ್ಲ ಕಡೆ ಸ್ಪಷ್ಟ, ಪೆನ್ಸಿಲಿನಲ್ಲಿ ಗೀಚಿದ ಹಾಗೆ. ಪಕ್ಕದ ಹಲ್ಲಿನ ಬೇರು ಚಾಕುವಿನಲ್ಲಿ ಕುಯ್ದ ಹಾಗೆ ನೇರವಾಗಿ ತುಂಡಾಗಿತ್ತು. ಕೆಳತುಟಿಗೆ ಹೋಗುವ ನರದ ಕಾಲುವೆಯನ್ನು ಅದು ತಿಂದಿರಲಿಲ್ಲ, ಕೆಳಕ್ಕೆ ತಳ್ಳಿಕೊಂಡು ಹೋಗಿತ್ತು. ದವಡೆಯ ಕೆಳಗಿನ ಅಂಚಿನ ಮೂಳೆ ಒಂದು ಕಡೆ ಮೊಟ್ಟೆ ಸಿಪ್ಪೆಯಷ್ಟು ತೆಳ್ಳಗೆ.

ನಾನು ಆಗಲೇ ಮನಸ್ಸಿನಲ್ಲಿ ಹೆಸರು ಬರೆದುಕೊಂಡಿದ್ದೆ, ಅಮೀಲೋಬ್ಲಾಸ್ಟೋಮಾ. ಹಲ್ಲು ಹುಟ್ಟುವಾಗ ಎನಾಮೆಲ್ ಮಾಡೋಕೆ ಅಂತ ಬಂದ ಜೀವಕೋಶಗಳ ವಂಶದಿಂದ ಹುಟ್ಟುವ ಗಡ್ಡೆ. ಸುಮಾರು 80 ಪರ್ಸೆಂಟ್ ಕೆಳದವಡೆಯಲ್ಲೇ ಬರುತ್ತೆ, ಅದರಲ್ಲೂ ಹಿಂದಿನ ಭಾಗದಲ್ಲಿ. ನೋವಿಲ್ಲದೆ ನಿಧಾನವಾಗಿ ಬೆಳೆಯುತ್ತೆ. ಕ್ಯಾನ್ಸರ್ ಅಲ್ಲ, ಸಾಮಾನ್ಯವಾಗಿ ದೂರದ ಅಂಗಗಳಿಗೆ ಹಬ್ಬೋದಿಲ್ಲ, ಆದರೆ ಇದ್ದ ಜಾಗದಲ್ಲಿ ಮೂಳೆಯನ್ನು ತಿನ್ನುತ್ತಾ ಹೋಗುತ್ತೆ, ಕೆರೆದು ತೆಗೆದರೆ ಮತ್ತೆ ಬರುತ್ತೆ. ಇದನ್ನು ಕ್ಯೂಸಕ್ ಅನ್ನುವವರು 1827ರಲ್ಲೇ ಬರೆದಿಟ್ಟಿದ್ದಾರೆ, ಎಕ್ಸ್‌ರೇ ಬರೋಕೆ 68 ವರ್ಷ ಮೊದಲು. ಆಗಿನ ಸರ್ಜನ್ನುಗಳು ಬರೀ ಬೆರಳಿನಿಂದ ಒತ್ತಿ ನೋಡಿ ಎಲ್ಲಿಯವರೆಗೆ ಹೋಗಿದೆ ಅಂತ ಅಂದಾಜು ಮಾಡಬೇಕಿತ್ತು. ಯೋಚನೆ ಮಾಡಿದರೆ ಎದೆ ಝಲ್ ಅನ್ನುತ್ತೆ.

ಚಿತ್ರ ಓದೋದು ಅಂದರೆ ಏನು ಅಂತ ಕೆಲವರು ಕೇಳ್ತಾರೆ. ಮುಕ್ಕಾಲು ಪಾಲು ಅಂಚು ಓದೋದೇ. ನಿಧಾನವಾಗಿ ಬೆಳೆಯುವ ಗಡ್ಡೆಗೆ ಮೂಳೆ ಜಾಗ ಬಿಟ್ಟುಕೊಡುತ್ತಾ, ಸುತ್ತ ಒಂದು ಬದು ಕಟ್ಟುತ್ತಾ ಹೋಗುತ್ತೆ, ಆ ಬದುವೇ ಬಿಳಿ ಗೆರೆಯಾಗಿ ಕಾಣೋದು. ಜೋರಾಗಿ ಬೆಳೆಯುವ ಕೆಟ್ಟ ಗಡ್ಡೆಗೆ ಮೂಳೆ ಬದು ಕಟ್ಟುವಷ್ಟು ಪುರುಸೊತ್ತು ಸಿಗೋದಿಲ್ಲ. ಆಗ ಅಂಚು ಗೆದ್ದಲು ಹಿಡಿದ ಬಾಗಿಲ ಚೌಕಟ್ಟಿನ ಹಾಗಿರುತ್ತೆ, ಎಲ್ಲಿ ಗಟ್ಟಿ ಮರ ಮುಗಿದು ಎಲ್ಲಿ ಹುಳ ತಿಂದ ಜಾಗ ಶುರು ಅಂತ ಹೇಳೋಕಾಗಲ್ಲ. ಹಲ್ಲುಗಳೂ ಹೇಳ್ತವೆ. ನಿಧಾನದ ಗಡ್ಡೆ ಹಲ್ಲನ್ನು ಸರಿಸುತ್ತೆ ಇಲ್ಲ ಬೇರು ಕರಗಿಸುತ್ತೆ. ಕೆಟ್ಟದ್ದು ಹಲ್ಲನ್ನು ಹಾಗೇ ಬಿಟ್ಟು ಸುತ್ತಲಿನ ಮೂಳೆ ತಿಂದುಬಿಡುತ್ತೆ, ಚಿತ್ರದಲ್ಲಿ ಹಲ್ಲು ಯಾವ ಆಧಾರವೂ ಇಲ್ಲದೆ ಗಾಳಿಯಲ್ಲಿ ತೇಲಿದ ಹಾಗೆ ಕಾಣುತ್ತೆ. ಅಂಥ ಚಿತ್ರ ಕಂಡ ದಿನ ನಾನು ಆ ರೋಗಿಯನ್ನು ನಾಳೆ ಬನ್ನಿ ಅಂತ ಕಳಿಸೋದಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಆಸ್ಟಿಯೋಸಾರ್ಕೋಮಾ, ಅಂದರೆ ಮೂಳೆಯದೇ ಕ್ಯಾನ್ಸರ್, ದವಡೆಯಲ್ಲಿ ಶುರುವಾದಾಗ ಕೆಲವು ಸಲ ದೊಡ್ಡದೇನೂ ಕಾಣೋದಿಲ್ಲ. ಹಲ್ಲಿನ ಬೇರಿಗೂ ಮೂಳೆಗೂ ನಡುವೆ ಒಂದು ಕೂದಲೆಳೆಯಷ್ಟು ಕಪ್ಪು ಗೆರೆ ಇರುತ್ತಲ್ಲ, ಅದು ಒಂದೆರಡು ಹಲ್ಲಿಗೆ ಮಾತ್ರ ಎರಡೂ ಕಡೆ ಒಂದೇ ಸಮ ಅಗಲವಾಗಿರುತ್ತೆ. ಅಷ್ಟೇ ಸುಳಿವು. ಇಲ್ಲಿ ಮಾತ್ರ ಆ ಸಣ್ಣ ಫಿಲ್ಮೇ ಓಪಿಜಿಗಿಂತ ಚೆನ್ನಾಗಿ ಹೇಳುತ್ತೆ. ಹಾಗಾಗಿ ಸಣ್ಣ ಫಿಲ್ಮನ್ನು ನಾನು ಕಡೆಗಣಿಸ್ತಿಲ್ಲ, ಎರಡೂ ಬೇಕು ಅಂತಿದ್ದೇನೆ.

ಹೆದರಬೇಕಾಗಿಲ್ಲದ ಕಪ್ಪು ಕಲೆಗಳೂ ಇವೆ. ಕೆಳದವಡೆಯ ಮುಂಭಾಗದಲ್ಲಿ ನರ ಹೊರಬರುವ ತೂತು ಎಲ್ಲರಿಗೂ ಇರುತ್ತೆ, ಅದು ಬೇರಿನ ತುದಿಯ ಮೇಲೆ ಬಿದ್ದರೆ ಬೇರಿನಲ್ಲಿ ಕೀವು ಅಂತ ತಪ್ಪು ತಿಳಿಯೋದು ಸುಲಭ. ದವಡೆಯ ಹಿಂಭಾಗದಲ್ಲಿ, ನರದ ಕಾಲುವೆಗಿಂತ ಕೆಳಗೆ, ಮೊಟ್ಟೆಯಾಕಾರದ ಒಂದು ಗುಳಿ ಕೆಲವರಿಗಿರುತ್ತೆ. 1942ರಲ್ಲಿ ಸ್ಟಾಫ್ನೆ ಅನ್ನುವವರು ಬರೆದದ್ದು. ಜೊಲ್ಲುಗ್ರಂಥಿ ಕೂತ ಜಾಗ ಅದು, ಗಡ್ಡೆಯೇ ಅಲ್ಲ, ಕತ್ತರಿ ಬೇಡ. ಕಾಲುವೆಯ ಮೇಲಿದೆಯೋ ಕೆಳಗಿದೆಯೋ ಅಂತ ನೋಡಿದರೆ ಸಾಕು, ಒಂದು ಆಪರೇಷನ್ ಉಳಿಯುತ್ತೆ.

ಓಪಿಜಿಗೆ ಮಿತಿ ಇದೆ. ಅದು ಚಪ್ಪಟೆ ಚಿತ್ರ, ಊತ ಕೆನ್ನೆ ಕಡೆಗೆ ಎಷ್ಟು, ನಾಲಿಗೆ ಕಡೆಗೆ ಎಷ್ಟು ಅಂತ ಹೇಳಲ್ಲ. ಇನ್ನೂ ಮುಖ್ಯವಾದದ್ದು, ಮೂಳೆಯ ಸುಣ್ಣದಂಶ 30ರಿಂದ 50 ಪರ್ಸೆಂಟ್ ಹೋಗುವವರೆಗೆ ಸಾದಾ ಎಕ್ಸ್‌ರೇಯಲ್ಲಿ ವ್ಯತ್ಯಾಸವೇ ಕಾಣೋದಿಲ್ಲ. ಎಕ್ಸ್‌ರೇ ನಾರ್ಮಲ್ ಬಂತು ಅಂದ ತಕ್ಷಣ ಏನೂ ಇಲ್ಲ ಅಂತ ಅಲ್ಲ.

ಮುಂದಿನ ಹೆಜ್ಜೆ ಸಿಬಿಸಿಟಿ (ಕೋನ್ ಬೀಮ್ ಸಿಟಿ) ಅಥವಾ ಸಿಟಿ ಸ್ಕ್ಯಾನ್. ಈ ಎರಡರಲ್ಲಿ ಯಾವುದು ಅಂತ ಬಹಳ ಜನಕ್ಕೆ ಗೊಂದಲ. ಸಿಬಿಸಿಟಿ ಹಲ್ಲಿನವರ ಮೆಷಿನ್, 1990ರ ದಶಕದ ಕೊನೆಯಲ್ಲಿ ಇಟಲಿ, ಜಪಾನ್ ಕಡೆಯಿಂದ ಬಂದದ್ದು. ಮೂಳೆ, ಹಲ್ಲು, ನರದ ಕಾಲುವೆ ಇವನ್ನು ಮಿಲಿಮೀಟರಿನೊಳಗಿನ ಲೆಕ್ಕದಲ್ಲಿ ಮೂರು ದಿಕ್ಕಿನಿಂದಲೂ ತೋರಿಸುತ್ತೆ. ರೇಡಿಯೇಷನ್ ಸಾಮಾನ್ಯವಾಗಿ ಸಿಟಿಗಿಂತ ಕಡಿಮೆ. ಆದರೆ ಮಾಂಸ, ಸ್ನಾಯು, ಗಂಟು ಇವೆಲ್ಲ ಅದರಲ್ಲಿ ಒಂದೇ ಬೂದು ಬಣ್ಣ. ಗಡ್ಡೆ ಮೂಳೆಯೊಳಗೇ ಇದೆ ಅನ್ನಿಸಿದರೆ ಸಿಬಿಸಿಟಿ ಸಾಕು. ಮೂಳೆ ಒಡೆದು ಹೊರಗೆ ಬಂದಿರಬಹುದು ಅನ್ನಿಸಿದರೆ, ಕ್ಯಾನ್ಸರ್ ಅನುಮಾನ ಇದ್ದರೆ, ಕತ್ತಿನ ಗಂಟು ನೋಡಬೇಕಾದರೆ, ಇಂಜೆಕ್ಷನ್ ಕೊಟ್ಟು ತೆಗೆಯುವ ಕಾಂಟ್ರಾಸ್ಟ್ ಸಿಟಿಯೇ ಬೇಕು. ಮೊದಲು ಸಿಬಿಸಿಟಿ ಮಾಡಿಸಿ ಆಮೇಲೆ ಸಾಕಾಗಲಿಲ್ಲ ಅಂತ ಸಿಟಿಗೆ ಕಳಿಸಿದರೆ ಬಡವರ ದುಡ್ಡು ಎರಡು ಸಲ ಹೋಗುತ್ತೆ, ಇದು ನನಗೆ ನಿಜವಾಗಲೂ ಸಂಕಟದ ವಿಷಯ.

ಎಂಆರ್‌ಐ ಬೇರೆಯದೇ ಕೆಲಸಕ್ಕೆ. ಮೂಳೆಯ ಒಳಗಿನ ಮಜ್ಜೆಯಲ್ಲಿ ಕೊಬ್ಬು ಇರುತ್ತೆ, ಟಿ1 ಅನ್ನುವ ಬಗೆಯ ಎಂಆರ್‌ಐ ಚಿತ್ರದಲ್ಲಿ ಕೊಬ್ಬು ಬೆಳ್ಳಗೆ ಹೊಳೆಯುತ್ತೆ. ಗಡ್ಡೆ ಅಲ್ಲಿಗೆ ನುಗ್ಗಿದ್ದರೆ ಆ ಬಿಳುಪು ಅಳಿಸಿಹೋಗುತ್ತೆ. ನರದ ಗುಂಟ ಹರಿದುಕೊಂಡು ಹೋಗುವ ಕ್ಯಾನ್ಸರ್ ಇರುತ್ತಲ್ಲ, ಅದನ್ನು ಹಿಡಿಯೋಕೂ ಎಂಆರ್‌ಐಯೇ ಮೇಲು. ಗಡ್ಡೆಯೊಳಗೆ ನೀರಿದೆಯೋ ಗಟ್ಟಿ ಮಾಂಸ ಇದೆಯೋ ಅಂತಲೂ ಹೇಳುತ್ತೆ.

ನಮ್ಮ ಹುಡುಗನಿಗೆ ಕಾಂಟ್ರಾಸ್ಟ್ ಸಿಟಿ ಬರೆದೆ, ಕೆಳಗಿನ ಮೂಳೆ ಅಷ್ಟು ತೆಳ್ಳಗಾಗಿತ್ತಲ್ಲ, ಅದಕ್ಕೆ. ಆಗ ಅಮ್ಮ ಕೇಳಿದರು, "ಇಷ್ಟು ಸಲ ಎಕ್ಸ್‌ರೇ ತೆಗೆದ್ರೆ ಅದರಿಂದಲೇ ಏನಾದ್ರೂ ಆಗಲ್ವಾ ಮೇಡಂ?" ಸರಿಯಾದ ಪ್ರಶ್ನೆ. ನೆಲ, ಆಕಾಶ, ತಿನ್ನುವ ಅನ್ನ ಎಲ್ಲದರಿಂದ ಒಬ್ಬ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2400 ಮೈಕ್ರೋಸೀವರ್ಟ್ ರೇಡಿಯೇಷನ್ ತಾನಾಗೇ ಸಿಗುತ್ತೆ. ಒಂದು ಓಪಿಜಿಗೆ ಸುಮಾರು 10ರಿಂದ 30. ಅಂದರೆ ಕೆಲವೇ ದಿನ ಈ ಭೂಮಿ ಮೇಲೆ ಬದುಕಿದ್ದಷ್ಟು. ಸಿಟಿಗೆ ನೂರಾರು, ಕೆಲವು ಸಲ ಸಾವಿರವೂ ದಾಟುತ್ತೆ, ಅದು ತಿಂಗಳುಗಳ ಲೆಕ್ಕ. ಎಂಆರ್‌ಐಗೆ ಇದು ಸೊನ್ನೆ. ಸುಮ್ಸುಮ್ನೆ ಸಿಟಿ ತೆಗೆಯಬಾರದು, ಬೇಕಾದಾಗ ಹೆದರಿ ಬಿಡಲೂಬಾರದು ಅಂದೆ. ಅವರು ತಲೆಯಾಡಿಸಿದರು.

ಸಿಟಿಯಲ್ಲಿ ನಾಲಿಗೆ ಕಡೆಯ ಮೂಳೆ ಒಂದು ಕಡೆ ಪೂರ್ತಿ ಹೋಗಿತ್ತು. ಅದಾದ ಮೇಲೆ ಬಯಾಪ್ಸಿ. ಈ ಕ್ರಮ ಮುಖ್ಯ, ಮೊದಲು ಚಿತ್ರ, ಆಮೇಲೆ ತುಂಡು ತೆಗೆಯೋದು. ಎಲ್ಲಿಂದ ತೆಗೆಯಬೇಕು ಅಂತ ಚಿತ್ರ ಹೇಳುತ್ತೆ. ಮೊದಲೇ ಕುಯ್ದುಬಿಟ್ಟರೆ ಆ ಗಾಯದ ಊತವೇ ಚಿತ್ರದಲ್ಲಿ ಸೇರಿಕೊಂಡು ದಾರಿ ತಪ್ಪಿಸುತ್ತೆ. ಇನ್ನು ರಕ್ತನಾಳದ ಗಂಟು ದವಡೆಯೊಳಗೆ ಇದ್ದು, ಗೊತ್ತಿಲ್ಲದೆ ಹಲ್ಲು ಕಿತ್ತರೆ, ನಿಲ್ಲಿಸೋಕಾಗದಷ್ಟು ರಕ್ತ ಸುರಿಯುತ್ತೆ. ಈ ಹುಡುಗನ ಹಲ್ಲು ಕಿತ್ತ ದಿನ ಅಂಥದ್ದೇನೂ ಆಗದೆ ಇದ್ದದ್ದು ಅವನ ಪುಣ್ಯ.

ರೋಗದ ಹೆಸರನ್ನು ಖಚಿತ ಮಾಡೋದು ಬಯಾಪ್ಸಿಯೇ. ಕೆರಟೋಸಿಸ್ಟ್ ಅಂತ ಒಂದಿದೆ, ಅದೂ ಇದೇ ಜಾಗದಲ್ಲಿ ಬರುತ್ತೆ, ದವಡೆ ಉಬ್ಬಿಸದೆ ಮೂಳೆಯ ಉದ್ದಕ್ಕೆ ಒಳಗೊಳಗೇ ಹರಿಯೋದು ಅದರ ಗುಣ. ಅದನ್ನು 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗಡ್ಡೆಗಳ ಪಟ್ಟಿಗೆ ಸೇರಿಸಿತು, 2017ರಲ್ಲಿ ಮತ್ತೆ ಸಿಸ್ಟ್ (ದ್ರವ ತುಂಬಿದ ಚೀಲ) ಅಂತ ಬದಲಾಯಿಸಿತು. ಪರಿಣಿತರೇ ಇಷ್ಟು ಯೋಚಿಸಬೇಕಾದ ಜಾಗದಲ್ಲಿ ನಾನು ಬರೀ ಚಿತ್ರ ನೋಡಿ ಇದು ಇದೇ ಅಂತ ಬರೆದುಕೊಡೋದು ತಪ್ಪು. ಬುದ್ಧಿಹಲ್ಲಿನ ಸುತ್ತ ಇರುವ ಒಂದೇ ಕೋಣೆಯ ಕುಳಿ ನೋಡಿ ಸಾದಾ ಸಿಸ್ಟ್ ಅಂತ ಬಿಟ್ಟರೆ, ಒಳಗೆ ಅಮೀಲೋಬ್ಲಾಸ್ಟೋಮಾ ಇರಬಹುದು.

ರಿಪೋರ್ಟ್ ಬಂತು. ಅಮೀಲೋಬ್ಲಾಸ್ಟೋಮಾ.

ಈಗ ನಾನು ಬಹಳ ಹೇಳಬೇಕು ಅಂತಿದ್ದ ವಿಷಯ. ಚಿತ್ರದಲ್ಲಿ ಅಷ್ಟು ಚೆಂದಾಗಿ ಕಂಡ ಆ ಗೆರೆ ಇದೆಯಲ್ಲ, ಗಡ್ಡೆ ಅಲ್ಲಿಗೇ ನಿಲ್ಲೋದಿಲ್ಲ. ಅದರ ಜೀವಕೋಶಗಳು ಗೆರೆ ದಾಟಿ, ಮೂಳೆಯ ಒಳಗಿನ ಸಂದಿಗಳಲ್ಲಿ ಕೆಲವು ಮಿಲಿಮೀಟರ್ ಮುಂದೆ ಹೋಗಿರುತ್ತವೆ, ಮೂಳೆ ಇನ್ನೂ ಕರಗಿಲ್ಲ, ಆದ್ದರಿಂದ ನಮಗೆ ಕಾಣೋದಿಲ್ಲ. ಅದಕ್ಕೇ ಸರ್ಜನ್ನುಗಳು ಕಂಡ ಅಂಚಿನಿಂದ ಆಚೆಗೂ ಸುಮಾರು 1ರಿಂದ 2 ಸೆಂಟಿಮೀಟರ್ ಒಳ್ಳೆಯ ಮೂಳೆ ಸೇರಿಸಿ ತೆಗೀತಾರೆ. "ಚೆನ್ನಾಗಿರೋ ಮೂಳೆ ಯಾಕೆ ತೆಗೀತೀರಾ" ಅಂತ ಮನೆಯವರು ಕೇಳ್ತಾರೆ, ಕೇಳಲೇಬೇಕು. ಉತ್ತರ ಇದು. ಮತ್ತೆ ಆ ಅಳತೆ ಶುರುವಾಗೋದು ನಾನು ಗುರುತು ಹಾಕಿದ ಅಂಚಿನಿಂದ. ನಾನು ಅರ್ಧ ಸೆಂಟಿಮೀಟರ್ ತಪ್ಪು ಬರೆದರೆ ಅವನ ಮುಂದಿನ ಹತ್ತು ವರ್ಷ ತಪ್ಪುತ್ತೆ. ಆ ರಿಪೋರ್ಟನ್ನು ನಾನು ಮೂರು ಸಲ ಅಳೆದು ಬರೆದೆ.

ನಮ್ಮ ಕಡೆ, ದಾವಣಗೆರೆ ಶಿವಮೊಗ್ಗದ ಈ ಅಡಿಕೆ ಸೀಮೆಯಲ್ಲಿ, ದವಡೆಯ ಚಿತ್ರಗಳಲ್ಲಿ ನನ್ನನ್ನು ಜಾಸ್ತಿ ಕಾಡೋದು ಇನ್ನೊಂದು ಬಗೆ. ಗುಟ್ಕಾ, ಹೊಗೆಸೊಪ್ಪು, ಕಡ್ಡಿಪುಡಿ ಕೆನ್ನೆಯ ಸಂದಿಯಲ್ಲಿ ಇಟ್ಟು ಇಟ್ಟು ವಸಡಿನಲ್ಲೇ ಶುರುವಾಗುವ ಕ್ಯಾನ್ಸರ್. ಅಡಿಕೆ ಒಂದೇ ಸಾಕು, ತಂಬಾಕು ಸೇರದಿದ್ದರೂ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ನಮ್ಮ ಮನೆಯ ಊಟವೂ ಅಡಿಕೆ ತೋಟದಿಂದಲೇ ಬಂದದ್ದು, ಹೇಳುವಾಗ ಗಂಟಲು ಕಟ್ಟುತ್ತೆ, ಆದರೆ ಹೇಳಲೇಬೇಕು. ಇಲ್ಲಿ ಚಿತ್ರದಿಂದ ತಿಳಿಯಬೇಕಾದದ್ದು ಒಂದೇ ಪ್ರಶ್ನೆ: ಹುಣ್ಣು ಮೂಳೆಯ ಗಟ್ಟಿ ಪದರ ದಾಟಿದೆಯಾ? ದಾಟಿಲ್ಲ ಅಂದರೆ ದವಡೆಯ ಮೇಲಿನ ಅಂಚು ಮಾತ್ರ ತೆಗೆದು ಕೆಳಗಿನ ಮೂಳೆ ಉಳಿಸಬಹುದು, ಮುಖದ ಆಕಾರ ಉಳಿಯುತ್ತೆ. ಒಳಗೆ ಹೋಗಿದ್ದರೆ ಅದು ಟಿ4ಎ, ಅಂದರೆ ಕ್ಯಾನ್ಸರ್ ಮುಂದುವರಿದ ಹಂತ, ದವಡೆಯ ಒಂದು ತುಂಡನ್ನೇ ತೆಗೀಬೇಕಾಗುತ್ತೆ.

ಸಿಟಿ ತೆಗೆಯುವಾಗ ಇಂಥವರಿಗೆ ಬಲೂನು ಊದುವ ಹಾಗೆ ಕೆನ್ನೆ ಉಬ್ಬಿಸಿ ಹಿಡೀರಿ ಅಂತೀವಿ. ಸುಮ್ನೆ ಇದ್ದರೆ ಕೆನ್ನೆ ವಸಡಿಗೆ ಅಂಟಿಕೊಂಡು, ಹುಣ್ಣು ಯಾವುದರದ್ದು ಅಂತ ಗೊತ್ತಾಗೋದಿಲ್ಲ. ಗಾಳಿ ತುಂಬಿದರೆ ನಡುವೆ ಕಪ್ಪು ಸಂದಿ ಬಿಟ್ಟು ಎರಡೂ ಬೇರೆ ಬೇರೆ ಕಾಣುತ್ತವೆ. ಖರ್ಚಿಲ್ಲದ ಉಪಾಯ, ಟೆಕ್ನಿಷಿಯನ್ ಎರಡು ನಿಮಿಷ ಹೇಳಿಕೊಟ್ಟರೆ ಸಾಕು. ಬಾಯಿ ಎರಡು ಬೆರಳಿನಷ್ಟೂ ತೆರೆಯದವರು ಕೂಡ ಇದನ್ನು ಮಾಡೋಕೆ ಎಷ್ಟು ಕಷ್ಟಪಡ್ತಾರೆ ಅಂತ ನೋಡಿದ್ದೇನೆ.

ಹುಡುಗನ ಆಪರೇಷನ್ ಆಯ್ತು. ಸಿಟಿಯ ಚಿತ್ರದಿಂದಲೇ ಅವನ ದವಡೆಯ ಮಾದರಿಯನ್ನು ತ್ರೀಡಿ ಪ್ರಿಂಟ್ ಮಾಡಿ, ಮೂಳೆ ಹಿಡಿದಿಡುವ ಪ್ಲೇಟನ್ನು ಮೊದಲೇ ಅದರ ಮೇಲೆ ಬಗ್ಗಿಸಿಟ್ಟುಕೊಂಡಿದ್ದರು. ಕಾಲಿನ ಸಣ್ಣ ಮೂಳೆ, ಫಿಬುಲಾ, ಅದನ್ನು ರಕ್ತನಾಳದ ಸಮೇತ ತೆಗೆದು ದವಡೆಗೆ ಕೂರಿಸಿದರು. ಆಪರೇಷನ್ನಿಗೆ ಮುಂಚೆ ಅಮ್ಮ ಆ ಪ್ಲಾಸ್ಟಿಕ್ ದವಡೆಯನ್ನು ಕೈಯಲ್ಲಿ ಹಿಡಿದು, ಊತದ ಜಾಗದ ಮೇಲೆ ಹೆಬ್ಬೆರಳು ಆಡಿಸಿ ನೋಡಿದರು. ಅಲ್ಲಿಯವರೆಗೆ ನಾನು ಸ್ಕ್ರೀನಿನಲ್ಲಿ ತೋರಿಸಿದ್ದೆಲ್ಲ ಅವರಿಗೆ ಅರ್ಥವಾಗಿರಲಿಲ್ಲ ಅಂತ ನನಗೆ ಆಗ ಗೊತ್ತಾಯಿತು. ಈಗ ಹೊಸ ರೋಗಿ ಬಂದರೆ ನಾನೂ ಟೇಬಲ್ ಮೇಲೆ ಒಂದು ದವಡೆಯ ಮಾದರಿ ಇಟ್ಟುಕೊಂಡೇ ಮಾತಾಡೋದು.

ಈ ಗಡ್ಡೆ ಹತ್ತು ವರ್ಷ ಬಿಟ್ಟೂ ಮರುಕಳಿಸಬಹುದು, ಅದಕ್ಕೆ ಅವನು ವರ್ಷ ವರ್ಷ ಬಂದು ಓಪಿಜಿ ತೆಗೆಸಿಕೊಳ್ಳಬೇಕು. ಹೋದ ತಿಂಗಳು ಬಂದಿದ್ದ. ರೂಮಿಗೆ ಬರುವ ಮೊದಲೇ ತಾಯಿತ ಬಿಚ್ಚಿ ಅಮ್ಮನ ಕೈಗೆ ಕೊಟ್ಟಿದ್ದ. ಹೋದ ವರ್ಷದ್ದೂ ಈ ವರ್ಷದ್ದೂ ಎರಡು ಚಿತ್ರ ಪಕ್ಕ ಪಕ್ಕ ಇಟ್ಟು ನೋಡಿದೆ. ಮೊದಲನೆಯದರಲ್ಲಿ ಕಾಲಿನ ಮೂಳೆಗೂ ದವಡೆಗೂ ನಡುವೆ ಒಂದು ತೆಳ್ಳನೆಯ ಕಪ್ಪು ಗೆರೆ ಇತ್ತು. ಈ ಸಲ ಎಷ್ಟು ಹುಡುಕಿದರೂ ಅದು ಸಿಗಲಿಲ್ಲ, ಎರಡೂ ಕೂಡಿಕೊಂಡಿದ್ದವು. ಅಮ್ಮನನ್ನು ಒಳಗೆ ಕರೆದು ಆ ಜಾಗಕ್ಕೆ ಬೆರಳಿಟ್ಟು ತೋರಿಸಿದೆ.